ಹವಳಕ್ಕೆ ಹಾಕದ ಸಿಹಿನೀರು

ಅಣ್ಣ ಊರಿಗೆ ಹೋಗಿದ್ದ ಎರಡು ವಾರ ಅವನು ಜೀವಂತ ಹವಳ ಸಾಕಿದ್ದ ಉಪ್ಪುನೀರಿನ ಗಾಜಿನ ತೊಟ್ಟಿಗೆ ನಾನು ಸಿಹಿನೀರು ಹಾಕಲಿಲ್ಲ. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ, ಅದಕ್ಕೇ ಸಿಹಿನೀರನ್ನೇ ಹಾಕಬೇಕು ಎಂದು ಅವನು ತಿಳಿಹೇಳಿದ್ದ. ಕಡಲ ತಡಿಯಲ್ಲಿ ಹುಟ್ಟಿದ ನನಗೇ ಕಡಲಿನ ಪಾಠವೇ ಎಂಬ ಸಿಟ್ಟಿನಲ್ಲಿ ದಿನವೂ ಅಡುಗೆ ಉಪ್ಪು ಕದಡಿ ಸುರಿದೆ. ವೂರ್‌ಬರ್ಗ್ ಎಂಬ ಪರದೇಶದ ಊರಿನಲ್ಲಿ ನಾವಿಬ್ಬರೇ ಇದ್ದ ಆ ಮನೆಯಲ್ಲಿ ಅವನು ಗಂಟೆಗಟ್ಟಲೆ ಕೂರುತ್ತಿದ್ದದ್ದು ನನ್ನ ಜೊತೆಯಲ್ಲ, ಕಲ್ಲಿನೊಳಗಿಂದ ಎಳೆಬೆರಳು ಚಾಚುವ ಆ ಜೀವಗಳ ಮುಂದೆ.

ಅವನು ಮರಳಿದಾಗ ಹವಳಗಳೆಲ್ಲ ಸತ್ತು ಸುಣ್ಣದಂತೆ ಬಿಳಿಚಿದ್ದವು.

"ಎಂತ ಹಾಕಿದ್ದು ಮಾರಾಯ?"

"ನೀನು ಹೇಳಿದ್ದನ್ನೇ. ನಿನ್ನ ಕಲ್ಲಿಗೇ ಸೊಕ್ಕು."

ತಾನು ಹೇಳಿಕೊಟ್ಟ ನೀರಿನ ಅಳತೆಯೇ ತಪ್ಪಿರಬೇಕೆಂದು ಮೂರು ದಿನ ಅವನು ತನ್ನನ್ನೇ ಬೈದುಕೊಂಡ. ಹವಳದ ಬಗ್ಗೆ ನನಗೆ ಆಗಲೂ ಮರುಕವಿರಲಿಲ್ಲ. ಆದರೆ ಆ ಬೈಗುಳ ನನಗೆ ಸಲ್ಲಬೇಕಾದದ್ದಾಗಿತ್ತು.

"ಅಣ್ಣ, ಉಪ್ಪು ಹಾಕಿದ್ದು ನಾನೇ. ಸುಳ್ಳು ಹೇಳಿದೆ. ತಪ್ಪಾಯ್ತು."