ಒಲೆಯ ಮೇಲಿನ ಗೀರು

ಎರಡು ವರ್ಷದ ಹಿಂದೆ ನಮ್ಮ ಮನೆಗೆ ಕರೆಂಟಿನ ಒಲೆ ಬಂತು. ಅದರ ಮೇಲಿನ ಕಪ್ಪು ಸೆರಾಮಿಕ್ ಹಾಸು ಮುಖ ಕಾಣುವಷ್ಟು ಹೊಳೆಯುತ್ತಿತ್ತು. ನನಗೆ ಅದರ ಮೇಲೆ ಎಷ್ಟು ಮೋಹವೆಂದರೆ, ನಾನು ಪಾಠ ಹೇಳುವ ಹುನಗುಂದದ ಶಾಲೆಗೆ ಬಸ್ ಹತ್ತುವ ಮೊದಲು ಇನ್ನೊಂದು ಸಲ ಒರೆಸಿ ಹೋಗುತ್ತಿದ್ದೆ.

ಒಂದು ಭಾನುವಾರ ನೋಡಿದರೆ ಅದರ ತುಂಬ ಬೂದು ಬಣ್ಣದ ಗೀರುಗಳು. ಕಬ್ಬಿಣದ ರೊಟ್ಟಿ ಹಂಚನ್ನು ಎಳೆದಾಡಿದ್ದು ಅತ್ತೆಯೇ ಇರಬೇಕೆಂದು ಮನಸ್ಸಿನಲ್ಲೇ ಸಿಟ್ಟಾದೆ. ಅಡಿಗೆ ಸೋಡಾವನ್ನು ನೀರಲ್ಲಿ ಕಲಸಿ, ಮೆತ್ತನೆಯ ಬಟ್ಟೆಯಿಂದ ತಿಕ್ಕುತ್ತ ಕೂತೆ. ಒಂದೊಂದೇ ಗೀರು ಮಾಯವಾಯಿತು. ಅವು ಗೀರುಗಳೇ ಅಲ್ಲ, ಪಾತ್ರೆಯ ಲೋಹ ಅಂಟಿದ ಗುರುತುಗಳು. ಒಂದು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಕೂದಲೆಳೆಯಂಥದ್ದು, ಗೇಣುದ್ದ.

ಮೊಬೈಲಿನಲ್ಲಿ ಹುಡುಕಿ, ಹಾರ್ಡ್‌ವೇರ್ ಅಂಗಡಿಯಿಂದ ಗಾಜಿನಂತೆ ತಿಳಿಯಾದ ಗೋಂದು ತಂದೆ. ಗೀರಿನೊಳಗೆ ತುಂಬಿ, ಒಣಗಿದ ಮೇಲೆ ಬ್ಲೇಡಿನಿಂದ ಹೆರೆದೆ. ಎಲ್ಲಿತ್ತೆಂದು ನನಗೇ ತಿಳಿಯದಂತಾಯಿತು. ಹೆಮ್ಮೆಯಿಂದ ಅತ್ತೆಯನ್ನು ಕರೆದು ತೋರಿಸಿದೆ.

ಅತ್ತೆ ನಲವತ್ತು ವರ್ಷ ಮಗ್ಗದ ಮುಂದೆ ಕೂತವರು. ಸೀರೆಯ ಒಡಲಿಗೆ ಸೆರಗಿನ ಎಳೆ ಕೂಡಿಸುವ ಕೈ ಅವರದು. ಕಣ್ಣು ಮಂಜಾದ ಮೇಲೂ ಎಳೆಯನ್ನು ಬೆರಳಿನಿಂದಲೇ ಗುರುತಿಸುತ್ತಿದ್ದರು. ಒಲೆಯ ಮೇಲೆ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದರು.

"ಯವ್ವಾ, ಇದು ಗೀರಲ್ಲ. ಬಿರುಕು ಬಿಟ್ಟೈತಿ. ಒಳಗ ಆಳ ಐತಿ ನೋಡು."

"ಏನೂ ಆಗೂದಿಲ್ರಿ ಅತ್ತಿ. ನಾ ವಿಡಿಯೋ ನೋಡೇ ಮಾಡೇನಿ," ಎಂದೆ.

ಅವರು ಬೆರಳು ಒರೆಸಿಕೊಂಡು ಹೊರಗೆ ಹೋದರು.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಬುತ್ತಿ ಕಟ್ಟುತ್ತಿದ್ದೆ. ಒಲೆಯ ಮೇಲಿನ ಹಾಲು ಉಕ್ಕಿ ಹರಿಯಿತು. ಅತ್ತೆ ಒದ್ದೆ ಅರಿವೆ ಹಿಡಿದು ಒರೆಸಲು ಹೋದರು. ಒಂದು ಸಣ್ಣ 'ಹ್ಞಾ' ಎಂಬ ದನಿ ಕೇಳಿ ತಿರುಗಿದೆ. ಅವರ ಕೈ ಒಲೆಗೆ ಅಂಟಿಕೊಂಡಂತಿತ್ತು, ಮೈಯೆಲ್ಲ ಗಡಗಡ ನಡುಗುತ್ತಿತ್ತು, ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಎಷ್ಟು ಹೊತ್ತು ಹಾಗೆ ನಿಂತೆನೋ ಗೊತ್ತಿಲ್ಲ. ಆಮೇಲೆ ಗೋಡೆಯ ಸ್ವಿಚ್ಚಿಗೆ ಹೊಡೆದೆ. ಅತ್ತೆ ಹಿಂದಕ್ಕೆ ಬಿದ್ದರು.

ಗಂಡ ಪವರ್‌ಲೂಮ್ ನಿಲ್ಲಿಸಿ ಓಡಿ ಬಂದರು. ಆಟೋದಲ್ಲಿ ದವಾಖಾನೆಗೆ ಒಯ್ದೆವು. ಡಾಕ್ಟರು ಎದೆಯ ಪರೀಕ್ಷೆ ಮಾಡಿ, "ಜೀವಕ್ಕೇನೂ ಧೋಕಾ ಇಲ್ಲ. ಬೆರಳಿನ ತುದಿ ಸುಟ್ಟಾವು, ಜೋಮು ಹಿಡದಾವು. ಕೆಲವು ದಿನ ಬೇಕು," ಎಂದರು. ಸುಟ್ಟಿದ್ದು ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು, ಎಳೆ ಹಿಡಿಯುವ ಬೆರಳುಗಳು. ನಾನು ಬೆಂಚಿನ ಮೇಲೆ ಕೂತೆ.

ಒಲೆ ಬಿಚ್ಚಿದ ಮೆಕ್ಯಾನಿಕ್ ನನ್ನ ಗೋಂದನ್ನು ಉಗುರಿನಿಂದ ಕಿತ್ತು ತೋರಿಸಿದ. "ಬಿಸಿಗೆ ಇದು ಬಿಟ್ಟು ಹೋಗೇತ್ರಿ. ಹಾಲು ಸೀದಾ ತಂತಿ ಮ್ಯಾಲೆ ಇಳದೈತಿ. ಬಿರುಕು ಬಿಟ್ಟದ್ದನ್ನ ರಿಪೇರಿ ಮಾಡಬಾರದ್ರಿ, ಹಾಸೇ ಬದಲಿಸಬೇಕು."

ಸಂಜೆ ಅತ್ತೆಯನ್ನು ಮನೆಗೆ ಕರೆತಂದ ಮೇಲೆ ಓಣಿಯ ಹೆಂಗಸರು ನೋಡಲು ಬಂದರು. ಹೆಂಗಾತೆಂದು ಕೇಳಿದರು. ಹಾಸಿಗೆಯಲ್ಲಿದ್ದ ಅತ್ತೆ ನಾನು ಬಾಯಿ ತೆರೆಯುವ ಮೊದಲೇ, "ನಂದಽ ತಪ್ಪು. ಹಸಿ ಕೈಲೆ ಮುಟ್ಟಿದೆ. ವಯಸ್ಸಾತು, ಖಬರ ಇರೂದಿಲ್ಲ," ಎಂದುಬಿಟ್ಟರು.

ಅತ್ತೆಗೆ ಕರೆಂಟು ಹೊಡೆದದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಅಲ್ಲಾಡಿಸಿತು. ಖಬರಿಲ್ಲದೆ, ಎಚ್ಚರವಿಲ್ಲದೆ ನಡೆದವರು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಸುಳ್ಳರಿ," ಎಂದೆ. "ಬಿರುಕು ಐತಿ ಅಂತ ಅತ್ತಿ ಮದಲ ಹೇಳಿದ್ರು. ನಾನಽ ಕೇಳಲಿಲ್ಲ."

ಅತ್ತೆ ನನ್ನ ಕಡೆ ನೋಡಿ, "ಆತು ಬಿಡು, ಬಂದವರಿಗೆ ಚಾ ಮಾಡು," ಎಂದರು.

ಚಹಾ ಮಾಡಲು ಹೋದವಳು ಅಡಿಗೆಮನೆಯಲ್ಲಿ ದೀಪದ ಸ್ವಿಚ್ ಮುಟ್ಟಲಾರದೆ ನಿಂತೆ. ಕೊನೆಗೆ ಕತ್ತಲಲ್ಲೇ ಹಳೆಯ ಗ್ಯಾಸ್ ಒಲೆ ಹಚ್ಚಿದೆ.

ಬೆರಳು ನೆಟ್ಟಗಾಗಲು ಎರಡು ತಿಂಗಳು ಹಿಡಿಯಿತು. ಹೆಬ್ಬೆರಳಿನ ತುದಿಗೆ ಮಾತ್ರ ಇನ್ನೂ ಸ್ಪರ್ಶ ತಿಳಿಯುವುದಿಲ್ಲವಂತೆ. ಈಗ ಸೆರಗು ಕೂಡಿಸುವ ದಿನ ನಾನು ಪಕ್ಕದಲ್ಲಿ ಕೂತು ಎಳೆ ಆರಿಸಿ ಕೊಡುತ್ತೇನೆ.