ಶನಿಯನ್ನು ಹುಡುಕಿಕೊಂಡು

ಹೊಸ ವಸ್ತು ಕೊಳ್ಳುವ ಮುನ್ನ ನಾನು ಕೇಳುವ ಪ್ರಶ್ನೆ ಯಾವಾಗಲೂ ತಪ್ಪಾಗಿರುತ್ತದೆ. ಟೆಲಿಸ್ಕೋಪಿನ ವಿಷಯದಲ್ಲೂ ಹಾಗೇ ಆಯಿತು. ‘ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ?’ ಎಂಬುದೊಂದೇ ನನ್ನ ಚಿಂತೆ. ಉದ್ದನೆಯ ಬಿಳಿ ಕೊಳವೆ, ಮೂರು ಕಾಲು, ಡಬ್ಬದ ಮೇಲೆ ಬಣ್ಣಬಣ್ಣದ ಗ್ರಹಗಳು. ಮೊಬೈಲಿನಲ್ಲಿ ಅಂಥದೊಂದನ್ನು ಕಂಡವನೇ ನಂಜನಗೂಡಿನ ನಮ್ಮ ತಾರಸಿಯ ಮೇಲೆ ಅದನ್ನು ಮನಸ್ಸಿನಲ್ಲೇ ನಿಲ್ಲಿಸಿಯೂ ಬಿಟ್ಟಿದ್ದೆ.

ಅದರಲ್ಲಿ ಮೊದಲು ಶನಿಯನ್ನೇ ನೋಡಬೇಕೆಂದದ್ದು ಹೆಂಡತಿ ಗಿರಿಜೆಗೆ ಹಿಡಿಸಲಿಲ್ಲ. “ಶನಿ ಕಣ್ಣು ಬೀಳದೆ ಇರ್ಲಿ ಅಂತ ಜನ ಎಳ್ಳೆಣ್ಣೆ ದೀಪ ಹಚ್ತಾರೆ. ನೀವು ನೋಡುದ್ರೆ ಅವನನ್ನೇ ಹುಡುಕ್ಕೊಂಡು ಹೊರಟಿದ್ದೀರಲ್ರೀ!”

ಅವಳ ತಮ್ಮ ಮಹದೇವ ತಿ. ನರಸೀಪುರದಲ್ಲಿ ವಿಜ್ಞಾನದ ಮೇಷ್ಟ್ರು. ಫೋನಿನಲ್ಲಿ ನನ್ನ ಪ್ರಶ್ನೆ ಕೇಳಿ ನಕ್ಕ. “ಭಾವ, ಪಟ್ಟು ಬಿಡಿ. ಬಾಯಿ ಎಷ್ಟು ಅಗಲ ಅಂತ ಕೇಳಿ. ಅಗಲ ಇದ್ದಷ್ಟೂ ಬೆಳಕು ಜಾಸ್ತಿ ಕುಡೀತದೆ. ನಮ್ಮನೇಲಿ ಎರಡು ತರದ್ದೂ ಅವೆ. ಅಕ್ಕನ್ನೂ ಕರ್ಕೊಂಡು ಬನ್ನಿ, ನೋಡಿ ತಗೊಳ್ಳೋರಂತೆ.”

ಅಕ್ಕನನ್ನು ಕರೆದೊಯ್ಯುವುದೇ ಕಷ್ಟದ ಕೆಲಸ. ಅವಳಮ್ಮ ತೀರಿಕೊಂಡ ಮೇಲೆ ಗಿರಿಜೆ ಆ ತವರುಮನೆಯ ಹೊಸಿಲು ತುಳಿದಿರಲಿಲ್ಲ, ನಾನೂ ಒತ್ತಾಯಿಸಿರಲಿಲ್ಲ. ಈ ಸಲ ಮಾತ್ರ, “ನಾನೊಬ್ನೇ ಹೋದ್ರೆ ದೊಡ್ಡದನ್ನೇ ತರ್ತೀನಿ” ಎಂದೆ. ನನ್ನನ್ನು ತಡೆಯುವುದಕ್ಕೆಂದೇ ಬಸ್ಸು ಹತ್ತಿದಳು.

ದೀಪ ಹಚ್ಚುವ ಹೊತ್ತಿಗೆ ಮಹದೇವನ ತಾರಸಿಗೆ ಹೋದೆವು. ಮೊದಲು ನನ್ನ ಆಸೆಯ ಉದ್ದ ಕೊಳವೆ. ಸಣಕಲು ಕಾಲಿನ ಆ ಪ್ರಾಣಿ ನಾನು ಉಸಿರು ಬಿಟ್ಟರೂ ನಡುಗುತ್ತಿತ್ತು. ಚಂದ್ರ ಬಸ್ಸಿನಲ್ಲಿ ನಿಂತು ಬಂದವನಂತೆ ಓಲಾಡಿದ. ಇನ್ನೊಂದು ಗಿಡ್ಡ, ದಪ್ಪ. ಸ್ಟೂಲಿನ ಮೇಲೆ ಹಿಟ್ಟಿನ ಡಬ್ಬದ ಹಾಗೆ ಕೂತಿತ್ತು. ಮಹದೇವ ಅದನ್ನು ಶನಿಯತ್ತ ತಿರುಗಿಸಿ, “ಅಕ್ಕ, ನೀನು ಮೊದ್ಲು” ಎಂದ.

ಬೇಡವೆನ್ನುತ್ತಲೇ ಬಗ್ಗಿದ ಗಿರಿಜೆ ಮೇಲೇಳಲೇ ಇಲ್ಲ. “ಅಯ್ಯೋ, ಬಳೆ ತೊಟ್ಕೊಂಡವ್ನೆ ಕಣೋ! ಎಷ್ಟು ಪುಟ್ಟಕ್ಕವ್ನೆ!” ಆಮೇಲೆ ಮೆಲ್ಲಗೆ ಕೇಳಿದಳು: “ಅಮ್ಮಂಗೆ ತೋರ್ಸಿದ್ಯೇನೋ?”

“ಹೂಂ. ‘ಇಷ್ಟು ಚೆಂದಾಗಿರೋನಿಗೆ ಜನ ಯಾಕ್ಲಾ ಹೆದರ್ತಾರೆ’ ಅಂದ್ಲು.”

ಗಿರಿಜೆ ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ಬಗ್ಗಿದಳು. ನನ್ನ ಸರದಿ ಬರುವಷ್ಟರಲ್ಲಿ ಶನಿ ಮೋಡದೊಳಗೆ ಸೇರಿದ್ದ. “ನಾಳೆ ಹೋದ್ರಾಯ್ತು ಬಿಡ್ರೀ” ಎಂದು ಅವಳೇ ಅಡುಗೆಮನೆಗೆ ಇಳಿದು, ತಮ್ಮನ ಹೆಂಡತಿಯ ಜೊತೆ ಒಗ್ಗರಣೆಗೆ ನಿಂತಳು.

ಕೊನೆಗೆ ನಾವು ಕೊಂಡದ್ದು ಗಿಡ್ಡದನ್ನೇ. ಆರಿಸಿದ ಹೆಮ್ಮೆ ಅವಳದು, ಮೆಟ್ಟಿಲು ಹತ್ತಿಸುವ ಕೂಲಿ ನನ್ನದು. ಆಕಾಶ ನೋಡುವುದಕ್ಕೆ ಒಂದು ಕಣ್ಣು ಸಾಕು, ನಿಜ. ಆದರೆ ಪಕ್ಕದಲ್ಲಿ ನಿಂತು “ಸಾಕು ಸರೀರಿ, ನಂಗೂ ಒಸಿ ಜಾಗ ಕೊಡಿ” ಎನ್ನುವವರೊಬ್ಬರು ಇಲ್ಲದಿದ್ದರೆ, ಎಷ್ಟು ಅಗಲದ ಬಾಯಿಯಿದ್ದರೂ ನಕ್ಷತ್ರಗಳು ಯಾಕೋ ದೂರವೇ ಉಳಿಯುತ್ತವೆ.