ಗಾಳಿ ಸೀರೆ ಉಟ್ಟು ಬೀಚಿಗೆ

ಚಿನ್ನದ ಗಣಿ ಕೆಲಸಗಾರರ ಸಾಲುಮನೆಗಳಿದ್ದ ಊರಿಗಾಂ ಲೈನಿನಲ್ಲಿ ಪ್ರತಿ ಹೆಂಗಸಿಗೂ ಒಂದು ಗಾಳಿ ಸೀರೆ ಇರುತ್ತಿತ್ತು. ಚಿನ್ನ ತೆಗೆದು ಉಳಿದ ಮಣ್ಣನ್ನು ಗುಡ್ಡಗುಡ್ಡವಾಗಿ ಸುರಿದಿದ್ದರಲ್ಲ, ಗಾಳಿ ಎದ್ದರೆ ಆ ಸೈನೈಡ್ ದಿಬ್ಬದ ಪುಡಿ ಮನೆಯೊಳಗೇ ಬರುತ್ತಿತ್ತು. ಅನ್ನದಲ್ಲಿ, ಹಾಲಿನ ಕೆನೆಯಲ್ಲಿ, ಹಲ್ಲಿನ ಸಂದಿಯಲ್ಲಿ. ಅಂಥ ದಿನ ಹಳೇ ಸೀರೆಯೊಂದನ್ನು ಉಟ್ಟು, ಸೆರಗನ್ನು ತಲೆತುಂಬ ಸುತ್ತಿಕೊಂಡು ಕೆಲಸ ಮಾಡುವುದು. ಗಾಳಿಗಾಲ ಮುಗಿಯುವವರೆಗೆ ಅದನ್ನು ಒಗೆಯುತ್ತಿರಲಿಲ್ಲ. ಒಗೆದರೂ ನಾಳೆ ಅದೇ ಪುಡಿ, ನಲ್ಲಿ ನೀರು ದಂಡ. ಕೊಡವಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರಾಯಿತು.

ಬಂಗಾರಪೇಟೆ ಕಡೆಯ ಹಳ್ಳಿಯಿಂದ ಸೊಸೆಯಾಗಿ ಬಂದ ನಾನು ಆ ಮೊಳೆಯ ಹತ್ತಿರ ಹೋದರೇ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದೆ. ಬೆವರು, ಸೀಮೆಎಣ್ಣೆ, ಹುಳಿತ ಮಣ್ಣು ಎಲ್ಲ ಒಂದೇ ವಾಸನೆಯಾಗಿ ಮೂಗಿಗೆ ಬಡಿಯುತ್ತಿತ್ತು.

ಮದುವೆಯಾದ ಮರುವರ್ಷ ನನ್ನ ಗಂಡನಿಗೆ ರಜೆ ಸಿಕ್ಕಿತು. ಅವರು, ಅತ್ತೆ, ನಾನು ಮದ್ರಾಸಿನ ಬೀಚು ನೋಡಲು ಹೊರಟೆವು. ಗಣಿಯೊಳಗೆ ಪಾಳಿ ಕೆಲಸ ಮಾಡುವ ಅವರನ್ನು ಹಗಲು ಬೆಳಕಿನಲ್ಲಿ ನೋಡುವುದೇ ನನಗೆ ಅಪರೂಪ. ಅವತ್ತಾದರೂ ಅವರು ನನ್ನನ್ನು ಕಣ್ತುಂಬ ನೋಡಲಿ ಎಂದು ತವರಿನ ಗಿಳಿಹಸಿರು ಸೀರೆಯನ್ನು ಹಾಸಿಗೆಯಡಿ ಮಡಿಸಿಟ್ಟು ಗೆರೆ ಮೂಡಿಸಿದ್ದೆ.

ಅತ್ತೆಯ ಕಣ್ಣಿಗೆ ಅದು ಬಿತ್ತು.

"ಏನೇ ಉಡ್ಗಿ, ಅಲ್ಲಿರಾದೆಲ್ಲ ಮರ್ಳು, ಗಾಳಿ. ಇದ್ನ ಉಟ್ಕೊಂಡ್ ಓಗ್ತೀಯಾ?"

"ಅಲ್ಲಿ ಮರ್ಳು ಬೇರೆ ಅಂತಾರತ್ತೆ."

"ಮರ್ಳಾಗೆ ಬೇರೆ ಏನೈತೆ? ಈ ಮನೆಗ್ ಬಂದಾಗಿಂದ ಮರ್ಳೇ ತಿಂತಿವ್ನಿ, ನಂಗ್ ಏಳ್ಕೊಡ್ತೀಯಾ?"

ಹಸಿರು ಸೀರೆ ಟ್ರಂಕು ಸೇರಿತು, ಬೀಗ ಬಿತ್ತು. ಮೊಳೆಯಿಂದ ಅವರದು, ನನ್ನದು ಎರಡೂ ಗಾಳಿ ಸೀರೆ ಇಳಿದವು. "ಅವ್ವ ಏಳ್ದಂಗ್ ಕೇಳೇ" ಎಂದರು ನನ್ನ ಗಂಡ. ಅವರು ಮಾತ್ರ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟಿದ್ದರು. ಗಂಡಸರ ಬಟ್ಟೆಗೆ ಮರಳು ಅಂಟುವುದಿಲ್ಲವೇನೋ.

ಬಂಗಾರಪೇಟೆಯಲ್ಲಿ ಮದ್ರಾಸಿನ ಗಾಡಿ ಹತ್ತಿದೆವು. ಎದುರಿನ ಹೆಂಗಸು ಒಮ್ಮೆ ನಮ್ಮನ್ನು ನೋಡಿ ಮೂಗಿಗೆ ಸೆರಗು ಹಿಡಿದವಳು ಇಳಿಯುವವರೆಗೂ ತೆಗೆಯಲಿಲ್ಲ. ನಾನು ಕಿಟಕಿಯಾಚೆ ಮುಖ ಇಟ್ಟುಕೊಂಡೇ ಕುಳಿತೆ.

ಬೀಚಿನಲ್ಲಿ ಹೆಂಗಸರೆಲ್ಲ ಬಣ್ಣದ ಸೀರೆ, ಮಲ್ಲಿಗೆ ಹೂವು. ನಾವಿಬ್ಬರು ಎರಡು ಗೋಣಿಚೀಲ. ಒಂದು ದೊಡ್ಡ ಅಲೆ ಬಂದು ಸೊಂಟದವರೆಗೂ ನೆನೆಸಿತು. ಗಾಳಿಗಾಲವೆಲ್ಲ ನೂಲಿಗೆ ಹಿಡಿದಿದ್ದ ಪುಡಿ ಕರಗಿ, ಮೀನಖಂಡದ ಮೇಲೆ ಬೂದು ಗಸಿಯಾಗಿ ಇಳಿಯಿತು. ಹಳಸಿದ ಹಿಟ್ಟಿನ ನಾತ. ಪಕ್ಕದಲ್ಲಿ ಆಡುತ್ತಿದ್ದ ಮಕ್ಕಳನ್ನು ಅವರ ತಾಯಿ ಎಳೆದುಕೊಂಡು ಹೋದಳು.

ಅತ್ತೆ ಕೈಗಂಟಿದ್ದ ಮರಳನ್ನು ಒಣಗಿದ ಮೇಲೆ ತಟ್ಟಿದರು. ಅದು ಸುಮ್ಮನೆ ಉದುರಿಹೋಯಿತು.

"ಅಯ್ಯೋ, ಇದು ಅಂಟಾದೇ ಇಲ್ವಲ್ಲೇ!"

ಆಮೇಲೆ ತಮ್ಮ ಸೆರಗನ್ನೇ ಮೂಸಿ ಓಕರಿಸಿದರು. "ನಿನ್ ಅಸ್ರು ಸೀರೆ ಎಲ್ಲೇ?"

"ನಿಮ್ ಟ್ರಂಕ್ನಾಗೈತತ್ತೆ. ಬೀಗದ್ಕೈ ನಿಮ್ ಸೊಂಟ್ದಾಗೈತೆ."

ಹಿಂದಿರುಗುವ ಗಾಡಿಯಲ್ಲಿ ಇಡೀ ಬೆಂಚು ನಮಗೇ ಸಿಕ್ಕಿತು. ನನ್ನ ಗಂಡ ಯಾರೋ ಬೇರೆಯವರಂತೆ ಬಾಗಿಲ ಬಳಿ ನಿಂತೇ ಬಂದರು.

ಮನೆಗೆ ಬಂದವಳೇ ಹಂಡೆಗೆ ಸೋಡಾ ಹಾಕಿ ಎರಡೂ ಸೀರೆ ಕುದಿಸಿದೆ. ಕೋಲಿನಲ್ಲೇ ತಿರುವಿದೆ, ಕೈ ಮುಟ್ಟಲು ಮನಸ್ಸಾಗಲಿಲ್ಲ. ನೀರು ದಂಡ ಎನ್ನುತ್ತಿದ್ದ ಅತ್ತೆ ತಾವೇ ಕೊಡ ಕೊಡ ತಂದು ಸುರಿದರು. ಕೊನೆಗೆ ಸೊಂಟದ ಬೀಗದ ಕೈ ತೆಗೆದು ಒಲೆಯ ಪಕ್ಕ ಇಟ್ಟರು.

ಮೈತೊಳೆದು ಹಸಿರು ಸೀರೆ ಉಟ್ಟು ಗಂಡನಿಗೆ ಮುದ್ದೆ ಬಡಿಸಿದೆ.

ತಲೆಯೆತ್ತಿ ನೋಡಿದರು. "ಎಲ್ಲಿಗೇ ಒಂಟಿದ್ದೀಯಾ?"

"ಎಲ್ಲಿಗೂ ಇಲ್ಲ. ಉಣ್ಣಿ."

ಹೊರಗೆ ಗಾಳಿ ಎದ್ದು ದಿಬ್ಬದ ಪುಡಿ ಹೊಸಿಲು ದಾಟುತ್ತಿತ್ತು. ನಾನು ಎದ್ದು ಬಾಗಿಲು ಹಾಕಿದೆ. ಸೀರೆ ಬದಲಿಸಲಿಲ್ಲ.